ಸೈರನ್ ಮಿಸ್ ಬಾಯಿ ಮುಚ್ಚಿದ ಆರು ವಾರ

ನನ್ನ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಒಂದೇ ಪ್ರಾಥಮಿಕ ಶಾಲೆಯ ಎರಡನೇ ತರಗತಿಗೆ ಪಾಠ ಮಾಡಿದಳು ಅಂದರೆ ಅದು ಅರ್ಧ ಮಾತ್ರ ನಿಜ. ಅವಳು ಪಾಠ ಮಾಡುತ್ತಿದ್ದದ್ದು ಇಡೀ ಬೀದಿಗೆ. ಅವಳು ಎರಡರ ಮಗ್ಗಿ ಶುರು ಮಾಡಿದರೆ ಗೋಡೆಯಾಚೆಯ ನಾಲ್ಕನೇ ತರಗತಿಯೂ ತನ್ನ ಭಾಗಾಕಾರ ಬಿಟ್ಟು ಎರಡರ ಮಗ್ಗಿಯನ್ನೇ ಹೇಳುತ್ತಿತ್ತು. "ಕೂತ್ಕೋ" ಎಂದರೆ ಎದುರಿನ ಬ್ರೆಡ್ ಅಂಗಡಿಯ ಗಿರಾಕಿಯೂ ಒಮ್ಮೆ ಸುತ್ತ ನೋಡಿ ಬೆಂಚು ಹುಡುಕುತ್ತಿದ್ದ. ಮಕ್ಕಳು ಅವಳಿಗೆ ಸೈರನ್ ಮಿಸ್ ಎಂದು ಹೆಸರಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು.

ಇಪ್ಪತ್ತಮೂರನೆಯ ವರ್ಷದ ನಡುವಿನಲ್ಲಿ, ಕಳೆಯುವ ಲೆಕ್ಕದ ಮಧ್ಯದಲ್ಲಿ, ಆ ಗಂಟಲು ನಿಂತುಹೋಯಿತು. "ಹದಿನಾಲ್ಕರಿಂದ" ಎಂದದ್ದು ಕೇಳಿಸಿತು, "ಆರು" ಎಂದದ್ದು ಕೇಳಿಸಲಿಲ್ಲ. ಗಂಟಲಿನ ಡಾಕ್ಟರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಧ್ವನಿ ಹೊರಡುವ ತಂತುಗಳ ಮೇಲೆ ಎರಡು ಗಂಟು ಬೆಳೆದಿವೆ ಎಂದರು. ಆರು ವಾರ ಒಂದೇ ಒಂದು ಮಾತೂ ಕೂಡದು. ಪಿಸುಮಾತಂತೂ ಬೇಡವೇ ಬೇಡ, ಅದು ಇನ್ನೂ ಕೆಟ್ಟದ್ದು.

"ಆರು ವಾರಾನಾ?" ಎಂದು ಚಿಕ್ಕಪ್ಪ ಕೇಳಿದ. ಆ ದನಿಯಲ್ಲಿ ದುಃಖ ಎಷ್ಟು, ಆಸೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಚಿಕ್ಕಮ್ಮ ಅವನ ತೊಡೆ ಚಿವುಟಿದಳು. ಮೌನದಲ್ಲಿ ಅವಳು ಆಡಿದ ಮೊದಲ ಮಾತು ಅದೇ.

ಚಿಕ್ಕಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಗೆ ತಗುಲಿಸಿದ ಅರೆಬರೆ ಅಂಗಿಗಳು. ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೆ, ಮುಂದಿನ ತಿರುವಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಸಿಕ್ಕಿಕೊಂಡ ಕಾಗದವನ್ನು ಯಂತ್ರದಿಂದ ಹರಿಯದೆ ಎಳೆಯಲು ಬರುತ್ತಿದ್ದುದರಿಂದ ಮನೆಯ ಮಟ್ಟಿಗೆ ನಾನೇ ವಿಜ್ಞಾನಿ.

ಮಾತು ನಿಂತರೆ ರಜೆ ಸಿಗಬಹುದೆಂದು ನಾವು ಅಂದುಕೊಂಡಿದ್ದೆವು. ಆದರೆ ಹೆಡ್‌ಮಾಸ್ಟರ ಬಳಿ ಬದಲಿ ಟೀಚರ್ ಇರಲಿಲ್ಲ. ಅವರನ್ನು ಶಾಲೆಯಲ್ಲಿ ಎಲ್ಲರೂ ಹಿಂದಿನಿಂದ 'ಬೀಗರು' ಎನ್ನುತ್ತಿದ್ದರು. ಹೆಣ್ಣು ಕೊಟ್ಟು ತಂದ ನಂಟೇನೂ ಅಲ್ಲ, ಕಂಡದ್ದಕ್ಕೆಲ್ಲ ಬೀಗ ಹಾಕುವ ಅಭ್ಯಾಸ ಅಷ್ಟೇ. ಚಾಕ್‌ಪೀಸಿಗೆ ಬೀಗ, ಆಟದ ಚೆಂಡಿಗೆ ಬೀಗ, ಗ್ಲೋಬಿಗೂ ಬೀಗ. ಭೂಮಿ ಎಲ್ಲಿ ಓಡಿಹೋಗುತ್ತದೋ ಎಂಬಂತೆ.

"ಬಾಯಿ ಹೋದ್ರೇನಾಯ್ತು, ಕೈ ಇದೆಯಲ್ಲ," ಎಂದರು ಬೀಗರು. "ಬೋರ್ಡ್ ಮೇಲೆ ಬರೀರಿ."

ಚಿಕ್ಕಮ್ಮ ಬರೆದಳು. ಮೊದಲ ದಿನ ಮಕ್ಕಳು ಹೆದರಿದರು, ಎರಡನೆಯ ದಿನ ಪರೀಕ್ಷಿಸಿದರು, ಮೂರನೆಯ ದಿನ ಕುಣಿದರು. ಬೋರ್ಡಿಗೆ ತಿರುಗಿದರೆ ಹಿಂದೆ ಸಂತೆ, ಮಕ್ಕಳ ಕಡೆ ತಿರುಗಿದರೆ ಬೋರ್ಡು ಖಾಲಿ. ಸಂಜೆ ಮನೆಗೆ ಬಂದು ಕೊರಳಿಗೆ ನೇತುಹಾಕಿಕೊಂಡಿದ್ದ ಸ್ಲೇಟಿನಲ್ಲಿ ದೊಡ್ಡದಾಗಿ ಬರೆದು ನನಗೆ ತೋರಿಸಿದಳು: "ಟ್ಯಾಬ್ ಕೆಲಸ ಕಲಿಸು."

ಟ್ಯಾಬ್‌ಗಳ ಕಥೆ ಇಷ್ಟು. ಎರಡು ವರ್ಷದ ಹಿಂದೆ ಶಾಲೆಗೆ ಹನ್ನೆರಡು ಟ್ಯಾಬ್ ಬಂದಿದ್ದವು. ಬಂದ ದಿನವೇ ಬೀಗರ ಕೋಣೆಯ ಕಬ್ಬಿಣದ ಬೀರು ಸೇರಿದವು. ಪ್ರತಿ ತಿಂಗಳ ಮೊದಲ ವಾರ ಹನ್ನೆರಡು ಮಕ್ಕಳನ್ನು ಸಾಲಾಗಿ ಕೂರಿಸಿ, ಕೈಗೊಂದು ಟ್ಯಾಬ್ ಕೊಟ್ಟು, ನಗಿಸಿ, ಫೋಟೋ ತೆಗೆದು ಮೇಲಿನ ಕಚೇರಿಗೆ ಕಳಿಸಿ, ಮತ್ತೆ ಬೀರುವಿಗೆ. ಆನ್ ಮಾಡುವ ಪದ್ಧತಿ ಇರಲಿಲ್ಲ. "ಅದ್ರಲ್ಲಿ ಏನು ಕಾಣುತ್ತೆ?" ಎಂದು ನಾನು ಒಮ್ಮೆ ಒಂದು ಮಗುವನ್ನು ಕೇಳಿದ್ದೆ. "ನಮ್ಮ ಮುಖ ಕಾಣುತ್ತೆ, ಅಕ್ಕ. ಸ್ವಲ್ಪ ಕಪ್ಪಗೆ," ಎಂದಿತು.

ಮರುದಿನ ಚಿಕ್ಕಮ್ಮ ಬೀಗರ ಮುಂದೆ ಸ್ಲೇಟು ಹಿಡಿದಳು: "ಬೀಗದಕೈ ಕೊಡಿ."

"ಒಡೆದುಹೋದ್ರೆ ಜವಾಬ್ದಾರಿ ಯಾರದ್ದು?"

"ನನ್ನದು" ಎಂದು ಬರೆದಳು.

"ಸ್ಲೇಟಲ್ಲಿ ಬರೆದದ್ದು ದಾಖಲೆ ಆಗಲ್ಲ ಮೇಡಂ. ಒರೆಸಿದ್ರೆ ಹೋಯ್ತು."

ಅವಳು ಕಾಗದದಲ್ಲಿ ಬರೆದುಕೊಟ್ಟಳು. ಬೀಗರು ಎರಡು ಸಲ ಓದಿ, ನಾಲ್ಕು ಟ್ಯಾಬ್ ಎಣಿಸಿ ಕೊಟ್ಟರು, ಉಳಿದ ಎಂಟಕ್ಕೆ ಬೀಗ ಹಾಕಿ ಎಳೆದು ನೋಡಿದರು.

ಸತ್ತಿದ್ದ ಆ ನಾಲ್ಕಕ್ಕೂ ನಾನು ಹೊಸ ಬ್ಯಾಟರಿ ಹಾಕಿಸಿದೆ. ಅವುಗಳಲ್ಲಿ ಮೊದಲೇ ತುಂಬಿಸಿಟ್ಟ ಪಾಠಗಳಿದ್ದವು. ಕಣ್ಣು, ಮೂಗು, ಟೋಪಿ ಇದ್ದ ಒಂದು ಪೆನ್ಸಿಲ್ ಬಂದು, "ಬನ್ನಿರಿ ಮುದ್ದು ಮಕ್ಕಳೇ, ಇಂದು ನಾವೆಲ್ಲರೂ ಅಂಕಿಗಳೊಂದಿಗೆ ಆನಂದಿಸೋಣವೇ?" ಎನ್ನುತ್ತಿತ್ತು. ಮೊದಲ ಬೆಂಚಿನ ಹುಡುಗ ಕೈ ಎತ್ತಿ ಕೇಳಿದನಂತೆ: "ಮಿಸ್, ಇವನಿಗೆ ಹುಷಾರಿಲ್ವಾ?"

ಪೆನ್ಸಿಲ್ ಕೈಕೊಟ್ಟಿತು. ಹಾಗಾಗಿ ಚಿಕ್ಕಮ್ಮನಿಗೆ ಒಂದು ಬಾಯಿ ಬೇಕಾಯಿತು. ನಾನು ಹಗಲೆಲ್ಲ ಅಂಗಡಿಯಲ್ಲಿ. ಮನೆಯಲ್ಲಿ ಉಳಿದದ್ದು ಚಿಕ್ಕಪ್ಪನ ಬಾಯಿ ಒಂದೇ, ಅದರಲ್ಲೂ ಸದಾ ಗುಂಡುಸೂಜಿ.

"ನಾನಾ? ನಾನು ಏಳನೇ ಕ್ಲಾಸಲ್ಲೇ ಬಿಟ್ಟೋನು," ಎಂದ ಚಿಕ್ಕಪ್ಪ.

"ಇದು ಎರಡನೇ ಕ್ಲಾಸು" ಎಂದು ಸ್ಲೇಟು ಹೇಳಿತು.

ಹೀಗೆ ರೆಕಾರ್ಡಿಂಗ್ ಶುರುವಾಯಿತು. ನಾನು ಮಧ್ಯಾಹ್ನ ಊಟಕ್ಕೆ ಬಂದಾಗ ಕತ್ತರಿಸುವ ಮೇಜಿನ ಮೇಲೆ ಟ್ಯಾಬನ್ನು ಬಟ್ಟೆಯ ಸುರುಳಿಗೆ ಒರಗಿಸಿ, ಕೆಂಪು ಗುಂಡಿ ಒತ್ತುತ್ತಿದ್ದೆ. ಚಿಕ್ಕಮ್ಮ ಪಾಠವನ್ನು ಬರೆದು ಎದುರಿಗೆ ಹಿಡಿಯುತ್ತಿದ್ದಳು. ಚಿಕ್ಕಪ್ಪ ಎರಡು ಸಾಲು ಓದಿ, ಅದು ತನಗೇ ಅರ್ಥವಾಗದೆ, ಕಾಗದ ಬದಿಗೆ ತಳ್ಳುತ್ತಿದ್ದ.

"ನೋಡ್ರಪ್ಪ, ಇದು ಒಂದು ಮೀಟರ್ ಬಟ್ಟೆ. ಮಡಚಿದೆ. ಈಗೇನಾಯ್ತು? ಅರ್ಧ. ಇನ್ನೊಂದ್ಸಲ ಮಡಚಿದೆ. ಕಾಲು. ಕಾಲು ಅಂದ್ರೆ ನಡೆಯೋ ಕಾಲಲ್ಲ. ಇದನ್ನ ಕತ್ತರಿಸಿದ್ರೆ ಎಷ್ಟು ತುಂಡು? ಸುಮ್ನೆ ಹೇಳಬೇಡಿ, ಕಾಗದ ತಗೊಂಡು ಮಡಚಿ ನೋಡಿ. ನಾನು ಕಾಯ್ತೀನಿ."

ಅವನು ನಿಜವಾಗಿಯೂ ಕಾಯುತ್ತಿದ್ದ. ಆ ಹೊತ್ತಿಗೆ ಗಿರಾಕಿ ಬರುತ್ತಿದ್ದ.

"ಏನ್ರೀ, ನನ್ನ ಪ್ಯಾಂಟ್ ಆಯ್ತಾ?"

"ನಾಳೆ ಬನ್ನಿ."

"ಸೋಮವಾರಾನೂ ನಾಳೆ ಅಂದ್ರಿ."

"ಇವತ್ತು ಬುಧವಾರ ಅಲ್ವಾ? ಹಾಗಾದ್ರೆ ಅದು ಬೇರೆ ನಾಳೆ."

ಅಳಿಸಬೇಕೆಂದು ನಾನು ಹೇಳಿದೆ. ಚಿಕ್ಕಮ್ಮ ಬೇಡವೆಂದು ತಲೆಯಾಡಿಸಿದಳು. ತರಗತಿಯಲ್ಲಿ ಅದೇ ಗೆದ್ದದ್ದು. ಮಕ್ಕಳು ಗುಂಪು ಗುಂಪಾಗಿ ಕೂತು, ಕಾಗದ ಮಡಚುತ್ತ, ಪ್ಯಾಂಟಿನವರಿಗಾಗಿ ಕಾದರು. ಸೋಮವಾರದ ನಾಳೆ ಯಾವುದು, ಬುಧವಾರದ ನಾಳೆ ಯಾವುದು ಎಂದು ಜಗಳವಾಡಿ ವಾರದ ಏಳು ದಿನಗಳನ್ನೂ ಕಲಿತುಬಿಟ್ಟರು. ಅದಕ್ಕಾಗಿ ಚಿಕ್ಕಮ್ಮ ಪ್ರತಿ ವರ್ಷ ಒಂದು ವಾರ ಕಿರುಚುತ್ತಿದ್ದಳು.

ಇನ್ನೊಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ 'ಕಾಲು' ಎಂಬ ಭಾಗವನ್ನು ಏಳು ಸಲ ಹಿಂದಕ್ಕೆ ಎಳೆದು ಕೇಳಿದ. ಎಂಟನೆಯ ಸಲ ಕಾಗದ ಸರಿಯಾಗಿ ಮಡಚಿ, ಯಾರಿಗೂ ತೋರಿಸದೆ, ಒಬ್ಬನೇ ನಕ್ಕ. ಅವಳು ಸ್ಲೇಟಿನಲ್ಲಿ ನನಗೆ ಬರೆದು ಹೇಳಿದಳು: "ನನ್ನನ್ನು ಯಾರೂ ಏಳು ಸಲ ಕೇಳಿರಲಿಲ್ಲ. ಎರಡನೇ ಸಲಕ್ಕೇ ಬೈಯುತ್ತಿದ್ದೆ."

ಎಲ್ಲವೂ ಸುಸೂತ್ರ ಎನ್ನುವಷ್ಟರಲ್ಲಿ ಗುಂಡುಸೂಜಿ ತನ್ನ ಕೆಲಸ ತೋರಿಸಿತು. ತುಟಿಯ ನಡುವೆ ನಾಲ್ಕು ಸೂಜಿ ಕಚ್ಚಿಕೊಂಡವನಿಗೆ ಶಕಾರ ಹೊರಡುವುದಿಲ್ಲ. ಚಿಕ್ಕಪ್ಪ ಅಕ್ಷರ ಪಾಠ ರೆಕಾರ್ಡ್ ಮಾಡಿದ ವಾರದೊಳಗೆ ಮೂವತ್ತೆರಡು ಮಕ್ಕಳು ಒಕ್ಕೊರಲಿನಿಂದ 'ಸಾಲೆ' ಎನ್ನತೊಡಗಿದರು. ಸಾಲೆ, ಸನಿವಾರ, ಸಂಖ. ಬೀಗರು ಬಾಗಿಲಲ್ಲಿ ನಿಂತು ಕೇಳಿ ಬೆವರಿದರು.

"ಮೇಡಂ, ಇದೇನು ಅನ್ಯಾಯ? ಮುಂದಿನ ತಿಂಗಳು ತಪಾಸಣೆಗೆ ಬರ್ತಾರೆ."

ಅಂದೇ ಮಧ್ಯಾಹ್ನ ಚಿಕ್ಕಪ್ಪ ಸೂಜಿ ತೆಗೆದಿಟ್ಟು ಇನ್ನೊಂದು ರೆಕಾರ್ಡಿಂಗ್ ಕೊಟ್ಟ. "ಮಕ್ಕಳೇ, ತಪ್ಪು ನಂದು. ಬಾಯಲ್ಲಿ ಸೂಜಿ ಇತ್ತು. ಅದು ಸಾಲೆ ಅಲ್ಲ, ಶಾಲೆ. ಬಾಯಲ್ಲಿ ಸೂಜಿ ಇಟ್ಕೋಬೇಡಿ, ನನ್ನ ಹಾಗೆ ಆಗ್ತೀರಿ." ದೊಡ್ಡವರೊಬ್ಬರು ತಪ್ಪು ನಂದು ಅಂದದ್ದನ್ನು ಆ ಮಕ್ಕಳು ಅದೇ ಮೊದಲು ಕೇಳಿದ್ದೋ ಏನೋ. ಆ ತುಣುಕನ್ನು ಪಾಠಕ್ಕಿಂತ ಹೆಚ್ಚು ಸಲ ಹಾಕಿ ಕೇಳಿದರು.

ಈಗ ಗಿಳಿಯ ವಿಷಯಕ್ಕೆ ಬರುತ್ತೇನೆ. ಗಿಳಿ ಎಂದರೆ ಆ ತರಗತಿಯ ಮೊದಲನೇ ನಂಬರಿನ ಹುಡುಗಿ. ಎರಡು ಬಿಗಿ ಜಡೆ, ಒಗೆದ ಯೂನಿಫಾರ್ಮ್, ಯಾವ ಪಾಠ ಕೇಳಿದರೂ ತೊದಲದೆ ಹೇಳುವ ನಾಲಗೆ. ಆ ಹೆಸರಿಟ್ಟವಳು ಚಿಕ್ಕಮ್ಮನೇ. ಯಾರೇ ಅತಿಥಿ ಬರಲಿ, ಬೀಗರು ಅವಳನ್ನು ಮುಂದಕ್ಕೆ ತಳ್ಳಿ ಓದಿಸುತ್ತಿದ್ದರು.

ಚಿಕ್ಕಮ್ಮ ಮೌನವಾದ ಮೇಲೆ ಗಿಳಿ ಸ್ವಲ್ಪ ವಿಚಿತ್ರವಾದಳು. ಬೋರ್ಡಿನಲ್ಲಿ "ಪುಸ್ತಕ ತೆಗೆಯಿರಿ" ಎಂದು ಬರೆದರೆ ಎಲ್ಲರೂ ತೆಗೆದ ಮೇಲೆ ತೆಗೆಯುತ್ತಿದ್ದಳು. "ಕೈ ಕಟ್ಟಿ" ಎಂದರೆ ಪಕ್ಕದವಳ ಕೈ ನೋಡಿ ಕಟ್ಟುತ್ತಿದ್ದಳು. ಹುಷಾರಿಲ್ಲವೇನೋ ಎಂದು ಚಿಕ್ಕಮ್ಮ ಅಂದುಕೊಂಡಳು.

ನಾಲ್ಕನೆಯ ವಾರ ಅವಳು ಒಂದು ಕಿಡಿಗೇಡಿತನ ಮಾಡಿದಳು. ಪುಸ್ತಕದಲ್ಲಿದ್ದ ಬೆಕ್ಕಿನ ಪಾಠವನ್ನು ಟ್ಯಾಬಿನಲ್ಲಿ ಅದೇ ಬೆಕ್ಕಿನ ಚಿತ್ರದ ಕೆಳಗೆ ಟೈಪ್ ಮಾಡಿ, "ಬೆಕ್ಕು ಹಾಲು ಕುಡಿಯಿತು" ಎಂಬಲ್ಲಿ "ಬೆಕ್ಕು ಶಾಯಿ ಕುಡಿಯಿತು" ಎಂದು ಬದಲಿಸಿದಳು. ಮಕ್ಕಳು ಒಬ್ಬೊಬ್ಬರಾಗಿ ಜಗಲಿಗೆ ಹೋಗಿ, ಅದನ್ನು ಓದಿ, ತಮ್ಮ ದನಿಯನ್ನು ತಾವೇ ರೆಕಾರ್ಡ್ ಮಾಡಿಕೊಂಡು ಬರಬೇಕು.

ಸಂಜೆ ಅಂಗಡಿಯ ಸ್ಟೂಲಿನಲ್ಲಿ ಕೂತು ಅವಳು ಕೇಳಿಸಿಕೊಂಡಳು, ಪಕ್ಕದಲ್ಲಿ ನಾನೂ ಇದ್ದೆ. ಒಬ್ಬ "ಬೆಕ್ಕು ಶಾ" ಎಂದು ನಿಂತು, "ಅಯ್ಯೋ" ಎಂದ. ಒಬ್ಬಳು ನಗುತ್ತ ನಗುತ್ತ ಬಿಕ್ಕಳಿಸಿದಳು. ಓದಲು ಒದ್ದಾಡುವ ಒಬ್ಬ ಹುಡುಗನೂ "ಶಾ... ಯಿ... ಶಾಯಿನಾ?" ಎಂದು ಮೂರು ಸಲ ಕೇಳಿಕೊಂಡ. ಆಮೇಲೆ ಗಿಳಿ. ಗಂಟೆ ಬಾರಿಸಿದಂಥ ದನಿ: "ಬೆಕ್ಕು ಹಾಲು ಕುಡಿಯಿತು. ಬೆಕ್ಕು ಬಾಲ ಆಡಿಸಿತು." ನಗುವಿಲ್ಲ, ತಡವರಿಕೆಯಿಲ್ಲ.

ಚಿಕ್ಕಮ್ಮ ಅದನ್ನು ಮತ್ತೆ ಹಾಕಿದಳು. ಮತ್ತೆ ಹಾಲು.

ಮರುದಿನ ಊಟದ ಬಿಡುವಿನಲ್ಲಿ ಗಿಳಿಯನ್ನು ಪಕ್ಕಕ್ಕೆ ಕರೆದು, ಸ್ಲೇಟಿನಲ್ಲಿ ಅವಳ ಹೆಸರನ್ನೇ ಹಿಂದುಮುಂದಾಗಿಸಿ ಬರೆದು ತೋರಿಸಿದಳಂತೆ. ಹುಡುಗಿ ಸ್ಲೇಟು ನೋಡಿದಳು, ಮಿಸ್ಸಿನ ಮುಖ ನೋಡಿದಳು, ನಕ್ಕು "ಚೆನ್ನಾಗಿದೆ ಮಿಸ್" ಎಂದಳು.

ಅವಳ ಅಮ್ಮ ದಿನಾ ಸಂಜೆ ಪಾಠವನ್ನು ಎರಡು ಸಲ ಓದಿ ಹೇಳುತ್ತಿದ್ದರು, ಅಷ್ಟೇ. ಉಳಿದದ್ದು ಆ ಮಗುವಿನ ನೆನಪು. ಎರಡು ವರ್ಷದಲ್ಲಿ ಅವಳಿಗೆ ಒಂದಕ್ಷರವೂ ಅಂಟಿರಲಿಲ್ಲ.

ಆ ಸಂಜೆ ಚಿಕ್ಕಮ್ಮ ಬಟ್ಟೆಯ ತುಂಡುಗಳ ನಡುವೆ ಕುಸಿದು ಕೂತು ಸ್ಲೇಟಿನಲ್ಲಿ ಬರೆದಳು: "ಮೂರು ಸಲ ಮೊದಲ ಬಹುಮಾನ ಕೊಟ್ಟೆ." ಅಳುವುದರ ಬಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ, ಯಾವುದಕ್ಕೂ ಇರಲಿ ಎಂದು ಸದ್ದಿಲ್ಲದೆ ಅತ್ತಳು. ಅವಳು ಅಷ್ಟು ಚಿಕ್ಕದಾಗಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಚಿಕ್ಕಪ್ಪ ಯಂತ್ರ ನಿಲ್ಲಿಸಿದ. "ಅಳತೆ ತಪ್ಪಿದೆ, ಬಟ್ಟೆ ಹರಿದಿಲ್ಲ," ಎಂದ. "ಬಿಚ್ಚು. ಮತ್ತೆ ಹೊಲಿ."

ಬಿಚ್ಚುವುದಕ್ಕೆ ಅವಳು ಹಿಡಿದ ದಾರಿ ಗಿಳಿಯ ನೆನಪೇ. ಶಾಲೆ ಬಿಟ್ಟ ಮೇಲೆ ಮೆಟ್ಟಿಲ ಕೆಳಗೆ ಇಬ್ಬರೂ ಕೂರುತ್ತಿದ್ದರು. ಹುಡುಗಿ ತನ್ನ ಮನೆಯ ಸಂಗತಿ ಒಂದು ನಾಲ್ಕು ಮಾತು ಟ್ಯಾಬಿಗೆ ಹೇಳಬೇಕು: ಅಪ್ಪ ಚಪ್ಪಲಿ ಹುಡುಕಿದ್ದು, ತಂಗಿ ಸಾಬೂನು ನೆಕ್ಕಿದ್ದು. ಚಿಕ್ಕಮ್ಮ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತಿದ್ದಳು. ಹುಡುಗಿ ತನ್ನ ದನಿ ತಾನೇ ಕೇಳುತ್ತ, ಒಂದೊಂದು ಪದದ ಕೆಳಗೂ ಬೆರಳು ಓಡಿಸಬೇಕು. ಮರುದಿನ ಅದೇ ಸಾಲುಗಳಲ್ಲಿ ಒಂದು ಪದ ಬದಲಾಗಿರುತ್ತಿತ್ತು. ಕಳ್ಳ ಪದ ಯಾವುದು, ಹಿಡಿ.

ಮೂರು ದಿನ ಕಳ್ಳ ಸಿಗಲಿಲ್ಲ. ನಾಲ್ಕನೆಯ ದಿನ ಬೆರಳು ನಿಂತಿತು. "ಮಿಸ್, ಇಲ್ಲಿ ಸಾಬೂನಿಗೆ ಇಷ್ಟುದ್ದ ಯಾಕೆ?" ಅಲ್ಲಿ "ಮೇಣದಬತ್ತಿ" ಎಂದಿತ್ತು. ಏನೆಂದು ಓದಲು ಬರಲಿಲ್ಲ, ಆದರೆ ಅದು ಸಾಬೂನಲ್ಲ ಎಂದು ಗೊತ್ತಾಗಿತ್ತು. ಚಿಕ್ಕಮ್ಮ ಬಾಯಿ ತೆರೆದು, ಡಾಕ್ಟರನ್ನು ನೆನೆದು, ಮುಚ್ಚಿ, ಹುಡುಗಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಹುಡುಗಿ ಅದನ್ನು ಬಹುಮಾನವೆಂದೇ ತಿಳಿದಳು.

ಆರನೆಯ ವಾರದ ಕೊನೆಗೆ ತಪಾಸಣೆಯ ಅಧಿಕಾರಿ ಬಂದರು. ಬೀಗರು ಹನ್ನೆರಡೂ ಟ್ಯಾಬ್‌ಗಳನ್ನು ಮೇಜಿನ ಮೇಲೆ ಜೋಡಿಸಿದ್ದರು. ಎಂಟು ಹೊಳೆಯುತ್ತಿದ್ದವು, ಆದರೆ ಎರಡು ವರ್ಷ ಚಾರ್ಜ್ ಕಾಣದೆ ಸತ್ತಿದ್ದವು. ನಾಲ್ಕರ ಅಂಚು ಸವೆದಿತ್ತು, ಒಂದಕ್ಕೆ ಜಾಮ್ ಅಂಟಿತ್ತು. ಅವು ಮಾತ್ರ ಬದುಕಿದ್ದವು.

"ಒಂದು ಮಗು ಓದಲಿ," ಎಂದರು ಅಧಿಕಾರಿ.

ಬೀಗರ ಕೈ ತಾನಾಗಿಯೇ ಗಿಳಿಯ ಬೆನ್ನಿಗೆ ಹೋಯಿತು. ಚಿಕ್ಕಮ್ಮ ಸ್ಲೇಟು ಎತ್ತಿ "ಬೇಡ" ಎಂದು ಬರೆಯುವಷ್ಟರಲ್ಲಿ ಹುಡುಗಿ ಮುಂದೆ ನಿಂತಾಗಿತ್ತು. ಅಧಿಕಾರಿ ಟ್ಯಾಬಿನಲ್ಲಿ ಯಾವುದೋ ಹೊಸ ಪುಟ ತೆಗೆದುಕೊಟ್ಟರು. ಗಿಳಿಗೆ ಕಂಠಪಾಠವಾದ ಪಾಠಗಳು ಇಪ್ಪತ್ತಾದರೂ ಇದ್ದವು. ಅವುಗಳಲ್ಲಿ ಒಂದನ್ನು ಗಡಗಡ ಹೇಳಿದ್ದರೆ ಅಧಿಕಾರಿ ತಲೆದೂಗಿ ಟೀ ಕುಡಿದು ಹೋಗುತ್ತಿದ್ದರು. ಹಿಂದಿನವರೆಲ್ಲ ಹಾಗೇ ಹೋಗಿದ್ದರು.

ಅವಳು ಹೇಳಲಿಲ್ಲ. ಬೆರಳಿಟ್ಟಳು. "ಮ... ಳೆ... ಮಳೆ," ಎಂದಳು. ತುಂಬ ಹೊತ್ತು ಬಿಟ್ಟು, "ಬಂ... ದಾ..." ಎಂದಳು. ಬೀಗರು ಬೀಗದಕೈ ಗೊಂಚಲು ಎಣಿಸತೊಡಗಿದರು. ಅಧಿಕಾರಿ ಗಡಿಯಾರ ನೋಡಿದರು. ಹಿಂದಿನ ಬೆಂಚಿನ ಹುಡುಗ ಸಹಾಯಕ್ಕೆಂದು ಪಿಸುಗುಟ್ಟಿದಾಗ ಗಿಳಿ ತಿರುಗಿ, "ಸುಮ್ನಿರೋ, ನಾನು ಓದ್ತಿದೀನಿ," ಎಂದು ಗದರಿದಳು. ಒಂದು ಸಾಲಿಗೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷವೂ ಚಿಕ್ಕಮ್ಮ ಕಣ್ಣು ಮಿಟುಕಿಸದೆ ನಿಂತಿದ್ದಳಂತೆ.

ಅಧಿಕಾರಿ ಪುಸ್ತಕದಲ್ಲಿ ಬರೆದರು: "ಓದುವ ಮಟ್ಟ ತೃಪ್ತಿಕರವಾಗಿಲ್ಲ. ಸಾಧನಗಳ ಬಳಕೆ ಮಿತಿಮೀರಿದೆ."

ಮೂರು ದಿನಕ್ಕೆ ಬೀಗರ ನೋಟಿಸು ಬಂತು: ಮೊದಲನೇ ನಂಬರಿನ ವಿದ್ಯಾರ್ಥಿನಿಯ ಓದು ಟ್ಯಾಬ್ ಬಂದ ಮೇಲೆ ಹಾಳಾದದ್ದು ಹೇಗೆ, ಲಿಖಿತ ವಿವರಣೆ ಕೊಡಿ. ಅಷ್ಟರಲ್ಲಿ ಆರು ವಾರ ಮುಗಿದು, ಡಾಕ್ಟರು ದಿನಕ್ಕೆ ಅರ್ಧ ಗಂಟೆ ಮೆಲ್ಲಗೆ ಮಾತಾಡಬಹುದು ಎಂದಿದ್ದರು. ಆದರೆ ಆ ಅರ್ಧ ಗಂಟೆಯನ್ನು ಬೀಗರ ಮೇಲೆ ಖರ್ಚು ಮಾಡಲು ಚಿಕ್ಕಮ್ಮ ಒಪ್ಪಲಿಲ್ಲ. ಬರೆದೇ ಕೊಟ್ಟಳು. ನಮ್ಮ ಅಂಗಡಿಯಲ್ಲಿ ಜೆರಾಕ್ಸ್ ತೆಗೆದದ್ದು ನಾನೇ, ಹಾಗಾಗಿ ನೆನಪಿದೆ:

"ವಿದ್ಯಾರ್ಥಿನಿಯ ಓದು ಹಾಳಾಗಿಲ್ಲ. ಮೊದಲು ಅವಳು ಓದುತ್ತಲೇ ಇರಲಿಲ್ಲ, ಈಗ ನಿಧಾನವಾಗಿ ಓದುತ್ತಾಳೆ. ಇದನ್ನು ಟ್ಯಾಬ್ ಪತ್ತೆ ಹಚ್ಚಲಿಲ್ಲ. ನಾನು ಬಾಯಿ ಮುಚ್ಚಿ, ಅದರಲ್ಲಿದ್ದ ಮಕ್ಕಳ ದನಿ ಕೇಳಿದ್ದರಿಂದ ಪತ್ತೆಯಾಯಿತು. ಇಷ್ಟು ವರ್ಷ ಕೇಳದೆ ಇದ್ದ ತಪ್ಪು ನನ್ನದು. ಶಿಕ್ಷೆ ಕೊಡುವುದಾದರೆ ಅದಕ್ಕೆ ಕೊಡಿ."

ಅದಕ್ಕೆ ಏನು ಮಾಡಬೇಕೆಂದು ಬೀಗರಿಗೆ ತಿಳಿಯಲಿಲ್ಲ. ತಪ್ಪು ನಂದು ಎಂದು ಒಪ್ಪಿಕೊಂಡ ಕಾಗದಕ್ಕೆ ಅವರ ಫೈಲುಗಳಲ್ಲಿ ಜಾಗವಿರಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇತ್ತ ಅಧಿಕಾರಿಯ ಷರಾ ಓದಿದ ಮೇಲೆ ಬೇರೆ ಟೀಚರುಗಳು ಟ್ಯಾಬ್ ಎಂದರೆ ಹಾವು ಕಂಡಂತೆ ಹಿಂಜರಿದರು. ಫೋಟೋಗೂ ಯಾರೂ ಬೇಡ ಎಂದರು. ಹನ್ನೆರಡೂ ತಾವಾಗಿ ಎರಡನೇ ತರಗತಿಗೆ ಬಂದವು. ಎಂಟಕ್ಕೆ ಹೊಸ ಬ್ಯಾಟರಿ ಹಾಕಿಸಲು ನಾಲ್ಕು ತಿಂಗಳು ಹಿಡಿಯಿತು.

ಚಿಕ್ಕಮ್ಮನ ದನಿ ವಾಪಸು ಬಂತು, ಆದರೆ ಮೊದಲಿನ ಅರ್ಧ, ಸ್ವಲ್ಪ ಒಡಕು. ಪಕ್ಕದ ತರಗತಿಗಳಿಗೆ ಇದರಿಂದ ತೊಂದರೆಯಾಯಿತು. ಇಷ್ಟು ದಿನ ಅವಳ ಗಲಾಟೆಯಲ್ಲಿ ಮುಚ್ಚಿಹೋಗುತ್ತಿದ್ದ ತಮ್ಮ ಗಲಾಟೆ ಈಗ ಬೀಗರಿಗೆ ಕೇಳುತ್ತಿದೆ ಎಂದು ನಾಲ್ಕನೇ ತರಗತಿಯ ಮೇಷ್ಟ್ರು ದೂರು ಕೊಟ್ಟರು. ಚಿಕ್ಕಪ್ಪ ಈಗಲೂ ಪಾಠ ರೆಕಾರ್ಡ್ ಮಾಡುತ್ತಾನೆ. ಪ್ಯಾಂಟಿನವರು ತಮ್ಮ ಪ್ಯಾಂಟ್ ಸಿಕ್ಕ ಮೇಲೂ ಆಗಾಗ ಬಂದು, ಟ್ಯಾಬಿನ ಹತ್ತಿರ ಬಾಗಿ, "ಆಯ್ತಾ?" ಎಂದು ಕೇಳಿ ಹೋಗುತ್ತಾರೆ.

ಗಿಳಿ ಆ ವರ್ಷ ಮೊದಲನೇ ನಂಬರು ಬರಲಿಲ್ಲ. ಹದಿನೇಳನೆಯವಳಾದಳು. ಅವಳ ಅಮ್ಮ ಎರಡು ವಾರ ಚಿಕ್ಕಮ್ಮನ ಜೊತೆ ಮಾತು ಬಿಟ್ಟರು. ಮಗಳು ಮೂರನೇ ತರಗತಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಅವರೇ ಅಂಗಡಿಗೆ ಬಂದರು, ಲಂಗಕ್ಕೆ ಅಂಚು ಹೊಲಿಸುವ ನೆಪದಲ್ಲಿ.

"ಮಿಸ್, ಇವಳನ್ನ ಕರ್ಕೊಂಡು ಬೀದೀಲಿ ನಡೆಯೋ ಹಾಗಿಲ್ಲ," ಎಂದರು. "ಪ್ರತಿ ಬೋರ್ಡಿನ ಮುಂದೆ ನಿಲ್ತಾಳೆ. ಮೊನ್ನೆ ಬಸ್ ನಿಲ್ದಾಣದ ಗೋಡೆ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಅಂತ ಇತ್ತು. ಅಷ್ಟು ಜನರ ಮುಂದೆ ಜೋರಾಗಿ ಓದಿದ್ಲು. ಅಲ್ಲೊಬ್ರು ಅದೇ ಕೆಲಸದಲ್ಲಿದ್ರು. ಪಾಪ, ಅರ್ಧಕ್ಕೇ ನಿಲ್ಲಿಸಿ ಹೋದ್ರು."

ಚಿಕ್ಕಪ್ಪನ ಬಾಯಿಂದ ಸೂಜಿಗಳು ಮೇಜಿನ ಮೇಲೆ ಉದುರಿದವು. ಚಿಕ್ಕಮ್ಮ ಮಾತ್ರ ನಗಲಿಲ್ಲ. ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಗಂಭೀರವಾಗಿ ಕೇಳಿದಳು:

"ಒತ್ತಕ್ಷರ ಸರಿಯಾಗಿ ಓದಿದ್ಲಾ?"

"ಓದಿದ್ಲು ಮಿಸ್," ಎಂದರು ಆಕೆ. "ಎರಡು ಸಲ."